ಕೌಂಟಿ ಕಚೇರಿಯ ಹಳೆಯ ಕಾಗದ

ಋಷಿಮೂಲವನ್ನೂ ನದೀಮೂಲವನ್ನೂ ಕೇಳಬಾರದು ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ದೊಡ್ಡವರ ದೊಡ್ಡತನಕ್ಕೆ ಅವರ ನಡತೆಯೇ ಪ್ರಮಾಣ, ಹುಟ್ಟಲ್ಲ ಎಂಬುದು ಆ ಮಾತಿನ ತಿರುಳು. ಆದರೆ ಲೋಕದ ನಾಲಿಗೆ ಈ ವಿವೇಕವನ್ನು ಯಾವಾಗಲೂ ಪಾಲಿಸುವುದಿಲ್ಲ. ಅದು ದೊಡ್ಡವರ ಮೂಲವನ್ನು ಕೇಳಿಯೇ ಕೇಳುತ್ತದೆ. ಉತ್ತರ ಸಿಕ್ಕದಿದ್ದರೆ ತಾನೇ ಒಂದನ್ನು ಕಟ್ಟಿ ಹೇಳುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ 16ನೆಯ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ನರ ವಿಷಯದಲ್ಲಿ ನಡೆದದ್ದೂ ಹೀಗೆಯೇ. ಅವರ ತಂದೆತಾಯಿಗಳಿಗೆ ಶಾಸ್ತ್ರೋಕ್ತವಾಗಿ ಮದುವೆಯೇ ಆಗಿರಲಿಲ್ಲವೆಂದು ಕೆಲವರು ಆಡಿಕೊಂಡರು. ಮದುವೆ ಆಗಿತ್ತೆಂದು ತೋರಿಸುವ ಕಾಗದ ಎಲ್ಲಿಯೂ ಕಾಣಲಿಲ್ಲವೆಂಬುದೇ ಅವರ ಬಳಿ ಇದ್ದ ಆಧಾರ. ಕಾಗದವೊಂದು ಕಾಣದೆ ಹೋದುದರಿಂದ ಹುಟ್ಟಿದ ಈ ಅಪವಾದವನ್ನು ಕೊನೆಗೆ ಕಾಗದವೊಂದೇ ತೊಡೆದುಹಾಕಿತು. ಅದು ಎಲ್ಲಿತ್ತು, ಹೇಗೆ ದೊರೆಯಿತು ಎಂಬುದು ತಿಳಿಯತಕ್ಕ ಸಂಗತಿ.

ಇದು ಅರ್ಥವಾಗಬೇಕಾದರೆ ಆ ಕಾಲದ ಗಡಿನಾಡಿನ ಸ್ಥಿತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಅಟ್ಲಾಂಟಿಕ್ ಕರಾವಳಿಯ ವಸಾಹತುಗಳಿಂದ ಜನರು ಅಪಲಾಚಿಯನ್ ಪರ್ವತಗಳನ್ನು ದಾಟಿ ಪಶ್ಚಿಮಕ್ಕೆ ಹೋಗತೊಡಗಿದರು. ಅವರು ಹೋಗಿ ನೆಲಸಿದ ಪ್ರದೇಶಗಳಲ್ಲಿ ಕೆಂಟಕಿ ಮುಖ್ಯವಾದುದು. ಅಲ್ಲಿ ದಟ್ಟವಾದ ಕಾಡು. ಕಾಡಿನ ನಡುವೆ ಮರದ ದಿಮ್ಮಿಗಳಿಂದ ಕಟ್ಟಿದ ಒಂಟಿಮನೆ. ಮನೆಯ ಸುತ್ತ ಮರ ಕಡಿದು ಮಾಡಿದ ಒಂದಿಷ್ಟು ಹೊಲ. ಅನೇಕರಿಗೆ ಓದುಬರಹ ಬರುತ್ತಿರಲಿಲ್ಲ. ಒಂದೆಡೆ ಹತ್ತು ವರ್ಷ ಇದ್ದವರು ಮುಂದಿನ ಹತ್ತು ವರ್ಷ ಅಲ್ಲಿಯೇ ಇರುವರೆಂಬ ನಂಬಿಕೆ ಇರಲಿಲ್ಲ. ಇಂಥ ಜನರು ತಮ್ಮ ಚರಿತ್ರೆಯನ್ನು ತಾವು ಬರೆದಿಡಲಿಲ್ಲ. ಆದರೂ ಅವರ ಹೆಸರುಗಳು ಒಂದು ಸ್ಥಳದಲ್ಲಿ ಉಳಿದುವು. ಆ ಸ್ಥಳವೇ ಕೌಂಟಿಯ ಕಚೇರಿ.

ಕೌಂಟಿ ಎಂದರೆ ರಾಜ್ಯದ ಒಂದು ಆಡಳಿತ ವಿಭಾಗ. ನಮ್ಮ ತಾಲ್ಲೂಕು, ಜಿಲ್ಲೆಗಳಂಥದು. ಪ್ರತಿಯೊಂದು ಕೌಂಟಿಗೂ ಒಂದು ಮುಖ್ಯಪಟ್ಟಣ, ಅಲ್ಲಿ ಒಂದು ನ್ಯಾಯಾಲಯ, ಆ ನ್ಯಾಯಾಲಯಕ್ಕೆ ಒಬ್ಬ ಗುಮಾಸ್ತ. ಈ ಗುಮಾಸ್ತನ ವಶದಲ್ಲಿ ಜನಜೀವನದ ಲೆಕ್ಕವೆಲ್ಲ ಇರುತ್ತಿತ್ತು. ಜಮೀನು ಕೊಂಡವರ ಕ್ರಯಪತ್ರ, ಸತ್ತವರ ಉಯಿಲು, ಸತ್ತವರ ಮನೆಯಲ್ಲಿದ್ದ ಸಾಮಾನುಗಳ ಪಟ್ಟಿ, ಮದುವೆಯ ಮುಚ್ಚಳಿಕೆ, ತೆರಿಗೆಯ ಪಟ್ಟಿ, ವ್ಯಾಜ್ಯದ ತೀರ್ಪು ಇವೆಲ್ಲವನ್ನೂ ಅವನು ದಫ್ತರಗಳಲ್ಲಿ ಬರೆದಿಡುತ್ತಿದ್ದನು. ಮುಂದಿನ ಕಾಲದವರು ಓದಿ ಬೆರಗಾಗಲೆಂದು ಅವನು ಬರೆದುದಲ್ಲ. ತೆರಿಗೆ ಬರಬೇಕು, ಜಮೀನಿನ ತಕರಾರು ತೀರಬೇಕು ಎಂಬುದಷ್ಟೇ ಅವನ ಉದ್ದೇಶ. ಆದುದರಿಂದಲೇ ಅವನ ಬರಹದಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಕೆಂಟಕಿಯಲ್ಲಿ 1790 ಮತ್ತು 1800ರ ಜನಗಣತಿಯ ಪಟ್ಟಿಗಳು ನಷ್ಟವಾಗಿವೆ. ಅಲ್ಲದೆ 1840ರವರೆಗಿನ ಗಣತಿಗಳಲ್ಲಿ ಮನೆಯ ಯಜಮಾನನ ಹೆಸರನ್ನು ಮಾತ್ರ ಬರೆಯುತ್ತಿದ್ದರು. ಹೀಗಾಗಿ ಗಡಿನಾಡಿನ ಮನೆತನಗಳ ವಂಶಾವಳಿಯನ್ನು ಹುಡುಕುವವರು ಕೌಂಟಿಯ ದಫ್ತರಗಳನ್ನೇ ಆಶ್ರಯಿಸಬೇಕಾಗುತ್ತದೆ.

ಹುಡುಕುವ ಕೆಲಸ ಸುಲಭವಲ್ಲ. ಮೊದಲನೆಯ ತೊಡಕು ಕೌಂಟಿಗಳದೇ. ಜನಸಂಖ್ಯೆ ಬೆಳೆದಂತೆ ದೊಡ್ಡ ಕೌಂಟಿಗಳು ಒಡೆದು ಚಿಕ್ಕವಾಗುತ್ತಿದ್ದುವು. 1776ರಲ್ಲಿ ಇಡೀ ಕೆಂಟಕಿ ಪ್ರದೇಶ ವರ್ಜೀನಿಯದ ಒಂದೇ ಕೌಂಟಿ ಎನಿಸಿತ್ತು. 1780ರಲ್ಲಿ ಅದು ಮೂರಾಯಿತು. 1792ರಲ್ಲಿ ಕೆಂಟಕಿ ಪ್ರತ್ಯೇಕ ರಾಜ್ಯವಾಯಿತು. ಈಗ ಅಲ್ಲಿ 120 ಕೌಂಟಿಗಳಿವೆ. ಮನೆ ಇದ್ದಲ್ಲಿಯೇ ಇದ್ದರೂ ಅದರ ಕೌಂಟಿ ಬದಲಾಗುತ್ತಿತ್ತು. ಹಳೆಯ ಕಾಗದಗಳು ಮಾತ್ರ ಹಳೆಯ ಕಚೇರಿಯಲ್ಲಿಯೇ ಉಳಿಯುತ್ತಿದ್ದುವು. ಲಿಂಕನ್ನರು ಹುಟ್ಟಿದಾಗ ಅವರ ಮನೆ ಹಾರ್ಡಿನ್ ಕೌಂಟಿಯಲ್ಲಿತ್ತು; 1843ರಲ್ಲಿ ಆ ಭಾಗ ಲರೂ ಎಂಬ ಹೊಸ ಕೌಂಟಿಗೆ ಸೇರಿತು. ಎರಡನೆಯ ತೊಡಕು ಹೆಸರಿನ ಕಾಗುಣಿತ. ಹೇಳುವವನಿಗೆ ಅಕ್ಷರ ಬಾರದು. ಬರೆಯುವವನು ಕಿವಿಗೆ ಬಿದ್ದಂತೆ ಬರೆಯುವನು. ಮೂರನೆಯ ತೊಡಕು ಬೆಂಕಿ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಕೆಂಟಕಿಯ ಹಲವು ಕೌಂಟಿ ನ್ಯಾಯಾಲಯಗಳು ಸುಟ್ಟುಹೋದುವು.

ಇನ್ನು ಲಿಂಕನ್ ಮನೆತನದ ಕಥೆಯನ್ನು ನೋಡೋಣ. ಲಿಂಕನ್ನರ ತಾತನ ಹೆಸರೂ ಅಬ್ರಹಾಂ ಎಂದೇ. ಅವನು ವರ್ಜೀನಿಯದಿಂದ ಕೆಂಟಕಿಗೆ ವಲಸೆ ಬಂದವನು. 1780ರಲ್ಲಿ 400 ಎಕರೆ ಭೂಮಿಗಾಗಿ ಅವನು ಪಡೆದ ಹಕ್ಕುಪತ್ರ ಉಳಿದಿದೆ. ಅದರಲ್ಲಿ ಅವನ ಹೆಸರು 'ಅಬ್ರಹಾಂ ಲಿಂಕ್‌ಹಾರ್ನ್' ಎಂದಿದೆ! 'ಲಿಂಕನ್' ಎಂಬ ಹೆಸರನ್ನು ಮಾತ್ರ ಹುಡುಕುವವನು ಈ ಹಕ್ಕುಪತ್ರವನ್ನು ಕಣ್ಣೆದುರಿಗಿದ್ದರೂ ಕಾಣದೆ ಹೋಗುವನು. ಇನ್ನೊಂದು ಸ್ವಾರಸ್ಯವುಂಟು. 1780ರಲ್ಲಿ ಕೆಂಟಕಿ ಮೂರಾಗಿ ಒಡೆದಾಗ ಒಂದು ಕೌಂಟಿಗೆ ಲಿಂಕನ್ ಎಂದೇ ಹೆಸರಿಟ್ಟರು. ಅದಕ್ಕೂ ಈ ಮನೆತನಕ್ಕೂ ಸಂಬಂಧವಿಲ್ಲ. ಸ್ವಾತಂತ್ರ್ಯಯುದ್ಧದ ಸೇನಾನಿ ಬೆಂಜಮಿನ್ ಲಿಂಕನ್ನನ ನೆನಪಿಗಾಗಿ ಇಟ್ಟ ಹೆಸರು ಅದು. ಹೆಸರು ಒಂದೇ ಆದ ಮಾತ್ರಕ್ಕೆ ವಂಶ ಒಂದೇ ಆಗುವುದಿಲ್ಲ.

ತಾತ ಅಬ್ರಹಾಂ ತನ್ನ ಹೊಲದಲ್ಲಿ ಕೆಲಸಮಾಡುತ್ತಿದ್ದಾಗ ಮೂಲನಿವಾಸಿಗಳ ದಾಳಿಯಲ್ಲಿ ಗುಂಡು ತಗುಲಿ ಸತ್ತನು. ಆಗ ಕಿರಿಯ ಮಗ ಥಾಮಸ್ ತಂದೆಯ ಬಳಿಯೇ ಇದ್ದನು. ಹಿರಿಯ ಮಗ ಮಾರ್ಡಿಕೈ ಮನೆಯೊಳಗಿನಿಂದ ಗುಂಡು ಹಾರಿಸಿ ತಮ್ಮನನ್ನು ಉಳಿಸಿದನೆಂಬುದು ಮನೆತನದವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ. ಈ ಥಾಮಸನೇ ಅಧ್ಯಕ್ಷ ಲಿಂಕನ್ನರ ತಂದೆ. ಘಟನೆ ಸುಮಾರು 1784ರಲ್ಲಿ ನಡೆಯಿತೆಂದು ಲಿಂಕನ್ನರು ಬರೆದಿದ್ದಾರೆ. ದಾಖಲೆಗಳನ್ನು ಪರಿಶೀಲಿಸಿದವರು ಅದು ನಡೆದದ್ದು 1786ರಲ್ಲಿ ಎಂದು ತೋರಿಸಿದ್ದಾರೆ. ಮನೆಯವರ ನೆನಪು ಘಟನೆಯನ್ನು ಬಿಡದೆ ಕಾಪಾಡಿತ್ತು. ವರ್ಷವನ್ನು ಮಾತ್ರ ಕಳೆದುಕೊಂಡಿತ್ತು.

ವರ್ಷದ ಈ ವ್ಯತ್ಯಾಸ ಕ್ಷುಲ್ಲಕವೆಂದು ತೋರಬಹುದು. ಆದರೆ ಆ ಮನೆತನದ ಮುಂದಿನ ಬಾಳಿಗೂ ಆ ಸಾವಿನ ಕಾಲಕ್ಕೂ ನಿಕಟವಾದ ಸಂಬಂಧವಿದೆ. ತಂದೆ ಉಯಿಲು ಬರೆಯದೆ ಸತ್ತರೆ ಭೂಮಿಯೆಲ್ಲ ಹಿರಿಯ ಮಗನಿಗೇ ಸೇರಬೇಕೆಂಬ ಹಳೆಯ ಕಾನೂನು ವರ್ಜೀನಿಯದಲ್ಲಿತ್ತು. ಕೆಂಟಕಿ ಆಗ ವರ್ಜೀನಿಯದ ಭಾಗ. ಆ ಕಾನೂನು 1787ರ ಆರಂಭದಲ್ಲಿ ರದ್ದಾಯಿತು. ತಾತ ಸತ್ತದ್ದು ಅದಕ್ಕೆ ಕೆಲವೇ ತಿಂಗಳು ಮೊದಲು. ಭೂಮಿ ಮಾರ್ಡಿಕೈಗೆ ಹೋಯಿತು. ಥಾಮಸನಿಗೆ ಪಾಲು ದೊರೆಯಲಿಲ್ಲ. ಅವನು ಓದುಬರಹವಿಲ್ಲದೆ, ಊರೂರು ಅಲೆದು ಕೂಲಿಮಾಡುತ್ತ ಬೆಳೆದನು. ಮುಂದೆ ಬಡಗಿಯ ಕೆಲಸ ಕಲಿತನು. ತನ್ನ ತಂದೆಗೆ ತನ್ನ ಹೆಸರನ್ನು ತಪ್ಪುತಪ್ಪಾಗಿ ಗೀಚುವುದಕ್ಕಿಂತ ಹೆಚ್ಚಿನ ಬರವಣಿಗೆ ಬರುತ್ತಿರಲಿಲ್ಲವೆಂದು ಲಿಂಕನ್ನರು ಹೇಳಿಕೊಂಡಿದ್ದಾರೆ.

ಥಾಮಸನು ಕಷ್ಟಪಟ್ಟು ಹಣ ಕೂಡಿಸಿ ಹಾರ್ಡಿನ್ ಕೌಂಟಿಯಲ್ಲಿ ಜಮೀನು ಕೊಂಡನು. ಒಂದಾದಮೇಲೊಂದರಂತೆ ಮೂರು ಹೊಲಗಳಲ್ಲಿ ಅವನು ಬೇಸಾಯ ಮಾಡಿದನು. ಮೂರರಲ್ಲಿಯೂ ಹಕ್ಕಿನ ತೊಂದರೆ ಅವನನ್ನು ಕಾಡಿತು. ಇದಕ್ಕೆ ಕಾರಣ ಕೆಂಟಕಿಯ ಮೋಜಣಿಯ ಕ್ರಮ. ಅಲ್ಲಿ ಜಮೀನಿನ ಚಕ್ಕುಬಂದಿಯನ್ನು ಮರ, ಬಂಡೆ, ಹಳ್ಳಗಳ ಗುರುತಿನಿಂದ ಬರೆಯುತ್ತಿದ್ದರು. ಇಂಥ ಓಕ್ ಮರದಿಂದ ಇಂಥ ಹಳ್ಳದವರೆಗೆ, ಅಲ್ಲಿಂದ ಜೋಡಿ ಮರಗಳವರೆಗೆ ಎಂದು ಬರೆದರೆ ಮರ ಬಿದ್ದಮೇಲೆ ಗಡಿಯನ್ನು ತೋರಿಸುವವರು ಯಾರು? ಲಿಂಕನ್ನರು ಹುಟ್ಟಿದ ಹೊಲದ ಗಡಿಯನ್ನೂ ಹೀಗೆಯೇ ಒಂದು ಬಿಳಿಯ ಓಕ್ ಮರದಿಂದ ಗುರುತಿಸಿದ್ದರು. ಅದು ಅವರ ಕಾಲಕ್ಕಿಂತ ಹೆಚ್ಚು ಬಾಳಿ 1976ರಲ್ಲಿ ಒಣಗಿತು. ಆದರೆ ಎಲ್ಲ ಮರಗಳಿಗೂ ಅಷ್ಟು ಆಯುಷ್ಯವಿರಲಿಲ್ಲ. ಒಬ್ಬನ ಜಮೀನಿನ ಮೇಲೆ ಇನ್ನೊಬ್ಬನ ಹಕ್ಕು, ಅದರ ಮೇಲೆ ಮತ್ತೊಬ್ಬನ ಹಕ್ಕು, ಹೀಗೆ ಹಕ್ಕುಗಳು ಹೆಂಚಿನಂತೆ ಒಂದರ ಮೇಲೊಂದು ಬಿದ್ದಿದ್ದುವು. ಥಾಮಸನು ಬೇಸತ್ತು 1816ರಲ್ಲಿ ಸಂಸಾರವನ್ನು ಕಟ್ಟಿಕೊಂಡು ಇಂಡಿಯಾನಕ್ಕೆ ಹೊರಟುಹೋದನು. ಅಲ್ಲಿ 1785ರ ಭೂಶಾಸನದಂತೆ ನೆಲವನ್ನು 640 ಎಕರೆಗಳ ಚೌಕಗಳಾಗಿ ಸರ್ಕಾರವೇ ಅಳೆದು ಮಾರುತ್ತಿತ್ತು. ಕೊಂಡವನಿಗೆ ಗಡಿಯ ಸಂದೇಹವಿರಲಿಲ್ಲ. ಕೆಂಟಕಿಯನ್ನು ಬಿಟ್ಟುದಕ್ಕೆ ಗುಲಾಮಗಿರಿಯ ಪದ್ಧತಿಯೂ ಒಂದು ಕಾರಣ, ಆದರೆ ಜಮೀನಿನ ಹಕ್ಕಿನ ತೊಂದರೆಯೇ ಮುಖ್ಯ ಕಾರಣ ಎಂದು ಲಿಂಕನ್ನರು ಬರೆದಿದ್ದಾರೆ.

ಇಂಡಿಯಾನದ ಕಾಡಿನಲ್ಲಿ 1818ರಲ್ಲಿ ತಾಯಿ ನ್ಯಾನ್ಸಿ ತೀರಿಕೊಂಡಳು. ಆಗ ಬಾಲಕ ಅಬ್ರಹಾಮನಿಗೆ ಒಂಬತ್ತು ವರ್ಷ. ಮರುವರ್ಷ ಥಾಮಸನು ಕೆಂಟಕಿಗೆ ಹೋಗಿ, ಹಾರ್ಡಿನ್ ಕೌಂಟಿಯ ಮುಖ್ಯಪಟ್ಟಣವಾದ ಎಲಿಜಬೆತ್‌ಟೌನಿನಲ್ಲಿ ಸಾರಾ ಬುಷ್ ಜಾನ್‌ಸ್ಟನ್ ಎಂಬ ವಿಧವೆಯನ್ನು ಮದುವೆಯಾಗಿ ಕರೆತಂದನು. 1819ರ ಡಿಸೆಂಬರ್ 2ರಂದು ನಡೆದ ಈ ಮದುವೆಯ ದಾಖಲೆ ಎಲಿಜಬೆತ್‌ಟೌನಿನ ಕಚೇರಿಯಲ್ಲಿ ಕ್ರಮವಾಗಿತ್ತು. ಅಪವಾದಕ್ಕೆ ದಾರಿಯಾದುದು ಇದೇ. ಲಿಂಕನ್ನರ ಹೆಸರು ದೇಶದಲ್ಲೆಲ್ಲ ಹಬ್ಬಿದಾಗ ಜನರು ಆ ಕಚೇರಿಯ ದಫ್ತರಗಳನ್ನು ತೆರೆದು ನೋಡಿದರು. ಎರಡನೆಯ ಮದುವೆಯ ದಾಖಲೆ ಇದೆ, ಮೊದಲನೆಯದು ಇಲ್ಲ. ದಾಖಲೆ ಇಲ್ಲವಾದುದರಿಂದ ಮದುವೆಯೂ ಇಲ್ಲವೆಂದು ಕೆಲವರು ತೀರ್ಮಾನಿಸಿದರು.

ಎಲಿಜಬೆತ್‌ಟೌನಿನಲ್ಲಿ ಬಹುಕಾಲ ಕೌಂಟಿಯ ಗುಮಾಸ್ತನಾಗಿದ್ದ ಸ್ಯಾಮ್ಯುಯೆಲ್ ಹೇಕ್ರಾಫ್ಟ್ ಎಂಬಾತನು 1860ರಲ್ಲಿ ಲಿಂಕನ್ನರಿಗೆ ಪತ್ರ ಬರೆದು ಅವರ ಹುಟ್ಟಿನ ವಿಷಯವನ್ನು ವಿಚಾರಿಸಿದನು. ದಫ್ತರದಲ್ಲಿ ಕಂಡ ಸಾರಾಳೇ ಲಿಂಕನ್ನರ ತಾಯಿಯೆಂದು ಅವನು ಭಾವಿಸಿದ್ದನು. ಲಿಂಕನ್ನರು ಸಾವಧಾನದಿಂದ ಉತ್ತರ ಕೊಟ್ಟರು. ತಮ್ಮ ತಾಯಿಯ ಹೆಸರು ನ್ಯಾನ್ಸಿ ಹ್ಯಾಂಕ್ಸ್ ಎಂದೂ, ಎಲಿಜಬೆತ್‌ಟೌನಿನಲ್ಲಿ ಹುಟ್ಟಿದುದು ತಾವಲ್ಲ, ತಮಗಿಂತ ಎರಡು ವರ್ಷ ಹಿರಿಯಳಾಗಿದ್ದ ಅಕ್ಕ ಎಂದೂ ತಿದ್ದಿದರು. ಅದೇ ವರ್ಷ ಬರೆದ ಒಂದು ಸಂಕ್ಷಿಪ್ತ ಆತ್ಮಕಥನದಲ್ಲಿ ತಂದೆತಾಯಿಗಳ ಮದುವೆ 1806ರಲ್ಲಿ ಆಯಿತೆಂದು ಅವರು ತಿಳಿಸಿದ್ದಾರೆ. ಯಾವ ಊರಿನಲ್ಲಿ ಆಯಿತೆಂಬುದನ್ನು ತಿಳಿಸಿಲ್ಲ. 1865ರಲ್ಲಿ ಅವರು ಕೊಲೆಗಾರನ ಗುಂಡಿಗೆ ಬಲಿಯಾದರು. ತಾಯಿಯ ಮದುವೆಯ ಕಾಗದವನ್ನು ಅವರು ಕಾಣಲಿಲ್ಲ. ಅವರು ಹೋದಮೇಲೂ ಅಪವಾದ ಅಡಗಲಿಲ್ಲ. ದೊಡ್ಡವರ ಕೀರ್ತಿಯೊಡನೆ ಅದೂ ಬೆಳೆಯಿತು.

ಎಲ್ಲರೂ ಹುಡುಕಿದುದು ಗಂಡು ವಾಸವಾಗಿದ್ದ ಹಾರ್ಡಿನ್ ಕೌಂಟಿಯಲ್ಲಿ. ಮದುವೆಯ ಮುಚ್ಚಳಿಕೆಯನ್ನು ಹೆಣ್ಣಿನ ಕಡೆಯ ಕೌಂಟಿಯಲ್ಲಿ ಬರೆದುಕೊಡುವುದು ಆ ನಾಡಿನ ರೂಢಿಯಾಗಿತ್ತು. ನ್ಯಾನ್ಸಿ ಹ್ಯಾಂಕ್ಸಳು ಮದುವೆಗೆ ಮುಂಚೆ ಬೆರಿ ಎಂಬ ಮನೆತನದವರ ಆಶ್ರಯದಲ್ಲಿದ್ದಳು. ಅವರ ಮನೆ ಇದ್ದುದು ನೆರೆಯ ವಾಷಿಂಗ್ಟನ್ ಕೌಂಟಿಯಲ್ಲಿ. ಅದರ ಮುಖ್ಯಪಟ್ಟಣ ಸ್ಪ್ರಿಂಗ್‌ಫೀಲ್ಡ್. ಲಿಂಕನ್ನರು ವಕೀಲಿ ನಡೆಸಿದ ಇಲಿನಾಯ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಬೇರೆ, ಇದು ಬೇರೆ. 1816ರಲ್ಲಿ ಕಟ್ಟಿದ ಅಲ್ಲಿಯ ನ್ಯಾಯಾಲಯ ಅಂತರ್ಯುದ್ಧದ ಬೆಂಕಿಗೆ ತುತ್ತಾಗದೆ ಉಳಿದುಕೊಂಡಿತ್ತು. ಮದುವೆ ತಮ್ಮ ಸೀಮೆಯಲ್ಲಿಯೇ ನಡೆಯಿತೆಂಬ ನೆನಪು ಅಲ್ಲಿಯ ಹಿರಿಯರಲ್ಲಿ ಉಳಿದಿತ್ತು. 1878ರಲ್ಲಿ ಆ ಕೌಂಟಿಯ ಗುಮಾಸ್ತನಾಗಿದ್ದ ಬುಕರ್ ಎಂಬಾತನು ಹಳೆಯ ಕಾಗದಗಳನ್ನು ಶೋಧಿಸಿದಾಗ ಮುಚ್ಚಳಿಕೆ ಕಣ್ಣಿಗೆ ಬಿದ್ದಿತು. ಆ ಹೊತ್ತಿಗೆ ಅದು ಅಲ್ಲಿ 72 ವರ್ಷಗಳಿಂದ ಬಿದ್ದಿತ್ತು.

ಆ ಕಾಗದದಲ್ಲಿ ಇದ್ದುದೇನು? ಥಾಮಸ್ ಲಿಂಕನ್ ಮತ್ತು ನ್ಯಾನ್ಸಿ ಹ್ಯಾಂಕ್ಸ್ ಇವರ ವಿವಾಹ ನಡೆಯಲಿದೆ, ಅದಕ್ಕೆ ಕಾನೂನಿನ ಅಡ್ಡಿ ಏನೂ ಇಲ್ಲ, ಇದ್ದರೆ ತಾವು 50 ಪೌಂಡುಗಳಿಗೆ ಹೊಣೆ ಎಂದು ವರನೂ ಜಾಮೀನುದಾರನೂ ಬರೆದುಕೊಟ್ಟ ಮುಚ್ಚಳಿಕೆ ಅದು. ತಾರೀಖು 1806ನೆಯ ಇಸವಿ ಜೂನ್ 10. ಸ್ವಾತಂತ್ರ್ಯ ಬಂದು ಮೂವತ್ತು ವರ್ಷಗಳಾಗಿದ್ದರೂ ಗಡಿನಾಡಿನ ಕಾಗದಪತ್ರಗಳಲ್ಲಿ ಇನ್ನೂ ಪೌಂಡಿನ ಲೆಕ್ಕವೇ ನಡೆಯುತ್ತಿದ್ದುದನ್ನು ಇಲ್ಲಿ ಕಾಣಬಹುದು. ಜಾಮೀನುದಾರನು ರಿಚರ್ಡ್ ಬೆರಿ. ತನ್ನ ಹೆಸರಿನ ಮುಂದೆ ತಾನು ಕನ್ಯೆಯ ಪೋಷಕನೆಂದು ಅವನು ಸೂಚಿಸಿದ್ದಾನೆ. ಇದರ ಜೊತೆಗೆ ಜೆಸ್ಸಿ ಹೆಡ್ ಎಂಬ ಮೆಥಡಿಸ್ಟ್ ಪಾದ್ರಿ ತಾನು ನಡೆಸಿಕೊಟ್ಟ ಮದುವೆಗಳ ಪಟ್ಟಿಯನ್ನು ಕಚೇರಿಗೆ ಒಪ್ಪಿಸಿದ್ದುದೂ ದೊರೆಯಿತು. ಆ ಪಟ್ಟಿಯಲ್ಲಿ ಬೇರೆ ಜೋಡಿಗಳ ಹೆಸರುಗಳ ನಡುವೆ ಈ ಜೋಡಿಯ ಹೆಸರೂ ಇದೆ. ಮದುವೆಯ ದಿನ ಜೂನ್ 12. ಒಂದು ಕಾಗದ ಮದುವೆಗೆ ಮುಂಚಿನದು, ಇನ್ನೊಂದು ಮದುವೆಯ ಅನಂತರದ್ದು. ಬರೆದವರು ಬೇರೆಬೇರೆ; ಹೇಳುವ ಸಂಗತಿ ಒಂದೇ. ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಯಾವ ನ್ಯಾಯಾಲಯಕ್ಕೆ ಬೇಕು?

ಮುಚ್ಚಳಿಕೆಯ ಕೆಳಗೆ ಥಾಮಸನ ರುಜುವಿದೆ. ಬರವಣಿಗೆ ಎಂದರೆ ತನ್ನ ಹೆಸರೊಂದನ್ನು ಗೀಚಬಲ್ಲಷ್ಟೇ ಆಗಿದ್ದ ಆ ಬಡಗಿಯು ಗುಮಾಸ್ತನ ಮುಂದೆ ನಿಂತು, ಲೇಖನಿಯನ್ನು ಹಿಡಿದು, ಆ ಹೆಸರನ್ನು ಬರೆದನು. ಆಗ ಅದು ಕೇವಲ ಕಾನೂನಿನ ಒಂದು ವಿಧಿ. ತನ್ನ ಹೆಂಡತಿಯ ಮಾನವನ್ನು ಮುಂದೊಂದು ದಿನ ಆ ಅಕ್ಷರಗಳು ಕಾಯುವುವೆಂದು ಅವನು ತಿಳಿದಿರಲಿಲ್ಲ. ಅವನು 1851ರಲ್ಲಿ ತೀರಿಕೊಂಡನು. ಕಾಗದ ಬೆಳಕಿಗೆ ಬರುವುದಕ್ಕೆ ಇನ್ನೂ 27 ವರ್ಷಗಳಿದ್ದುವು.

ಈ ಪ್ರಸಂಗದಿಂದ ವಂಶಶೋಧಕರು ಕಲಿಯತಕ್ಕ ಪಾಠಗಳು ಹಲವು. ದಾಖಲೆ ಸಿಕ್ಕಲಿಲ್ಲವೆಂಬುದು ಘಟನೆ ನಡೆಯಲಿಲ್ಲವೆಂಬುದಕ್ಕೆ ಪ್ರಮಾಣವಲ್ಲ. ನಾವು ಹುಡುಕಿದ ಸ್ಥಳವೇ ತಪ್ಪಾಗಿರಬಹುದು. ಗಂಡಸಿನ ಜಾಡನ್ನು ಮಾತ್ರ ಹಿಡಿದು ಹೋದರೆ ಸಾಲದು; ಹೆಣ್ಣಿನ ಕಡೆಯವರು, ನೆರೆಯವರು, ಸಾಕ್ಷಿ ಹಾಕಿದವರು ಯಾರೆಂಬುದನ್ನೂ ನೋಡಬೇಕು. ಒಂದೇ ಹೆಸರಿನವರ ವಿಷಯದಲ್ಲಿ ಎಚ್ಚರವಿರಬೇಕು. ಲಿಂಕನ್ನರ ತಾಯಿಗೂ ಆಕೆಯ ತಾಯಿಯ ತಂಗಿಯೊಬ್ಬಳಿಗೂ ನ್ಯಾನ್ಸಿ ಹ್ಯಾಂಕ್ಸ್ ಎಂಬ ಹೆಸರೇ ಇದ್ದಿತು. ಒಬ್ಬರ ಬದುಕನ್ನು ಇನ್ನೊಬ್ಬರಿಗೆ ಅಂಟಿಸಿಬಿಡುವುದು ಇಂಥ ಕಡೆ ಬಹು ಸುಲಭ.

ಇದೇ ತಾಳ್ಮೆಯಿಂದ ವಿದ್ವಾಂಸರು ಲಿಂಕನ್ನರ ತಂದೆಯ ಕಡೆಯ ವಂಶವನ್ನು ಹಿಂದೆ ಹಿಂದೆ ಹುಡುಕುತ್ತ ಹೋದರು. ಲಿಂಕನ್ನರಿಗೆ ತಮ್ಮ ಪೂರ್ವಿಕರು ಪೆನ್ಸಿಲ್ವೇನಿಯದ ಬರ್ಕ್ಸ್ ಕೌಂಟಿಯಿಂದ ವರ್ಜೀನಿಯಕ್ಕೆ ಬಂದವರೆಂಬುದಷ್ಟೇ ತಿಳಿದಿತ್ತು. 1848ರಲ್ಲಿ ಮಸಾಚುಸೆಟ್ಸಿನ ಹಿಂಗಮ್ ಎಂಬ ಊರಿನ ಸಾಲೊಮನ್ ಲಿಂಕನ್ ಎಂಬಾತನೊಡನೆ ಅವರು ಪತ್ರವ್ಯವಹಾರ ನಡೆಸಿದ್ದರು. ಎರಡೂ ಮನೆತನಗಳಲ್ಲಿ ಮಾರ್ಡಿಕೈ, ಅಬ್ರಹಾಂ ಮುಂತಾದ ಹೆಸರುಗಳು ಸಮಾನವಾಗಿದ್ದುವು. ಅದಕ್ಕಿಂತ ಹೆಚ್ಚಿನದು ಅವರಿಗೆ ಸಿದ್ಧಪಡಲಿಲ್ಲ. ಆ ಕೊಂಡಿಯನ್ನು ಮುಂದೆ ಕಾಗದಪತ್ರಗಳೇ ಬೆಸೆದುವು. ಬರ್ಕ್ಸ್ ಕೌಂಟಿಯ ಸೀಮೆಯಲ್ಲಿ 1736ರಲ್ಲಿ ಸತ್ತ ಮಾರ್ಡಿಕೈ ಎಂಬ ಪೂರ್ವಿಕನ ಉಯಿಲಿನಲ್ಲಿ ನ್ಯೂಜೆರ್ಸಿಯಲ್ಲಿದ್ದ ಭೂಮಿಯನ್ನು ಮಗ ಜಾನನಿಗೆ ಬಿಟ್ಟಿರುವುದು ಕಂಡುಬಂದಿತು. ಈ ಜಾನನೇ ಮುಂದೆ ವರ್ಜೀನಿಯಕ್ಕೆ ಹೋದವನು, ತಾತ ಅಬ್ರಹಾಮನ ತಂದೆ. ಹೀಗೆ ಉಯಿಲು, ಕ್ರಯಪತ್ರಗಳ ಮೆಟ್ಟಿಲುಗಳನ್ನು ಇಳಿಯುತ್ತ ಹೋದಾಗ 1637ರಲ್ಲಿ ಇಂಗ್ಲೆಂಡಿನಿಂದ ಬಂದು ಹಿಂಗಮಿನಲ್ಲಿ ನೆಲಸಿದ ಸ್ಯಾಮ್ಯುಯೆಲ್ ಲಿಂಕನ್ ಎಂಬ ನೇಕಾರನು ದೊರೆತನು. ಅವನಿಂದ ಎಣಿಸಿದರೆ ಅಧ್ಯಕ್ಷ ಲಿಂಕನ್ನರು ಏಳನೆಯ ತಲೆಮಾರು. ತಮಗೆ ಕೊನೆಯವರೆಗೂ ಸಂದೇಹವಾಗಿಯೇ ಉಳಿದ ಸಂಬಂಧವನ್ನು ಅವರ ಕಾಲಾನಂತರ ಜಗತ್ತು ತಿಳಿಯಿತು.

ಆದರೆ ಕೌಂಟಿಯ ದಫ್ತರಗಳು ಎಲ್ಲರನ್ನೂ ಸಮನಾಗಿ ಕಾಣಲಿಲ್ಲವೆಂಬುದನ್ನು ನಾವು ಮರೆಯಬಾರದು. ಭೂಮಿ ಇದ್ದವನ ಹೆಸರು ಹತ್ತು ಕಡೆ ಸಿಕ್ಕುತ್ತದೆ. ಹೆಂಗಸಿನ ಹೆಸರು ಮದುವೆಯ ದಿನ ಒಮ್ಮೆ ಕಾಣಿಸಿ ಮರೆಯಾಗುತ್ತದೆ. ಥಾಮಸನ ವಂಶ ಏಳು ತಲೆಮಾರಿನವರೆಗೆ ತಿಳಿದರೂ ನ್ಯಾನ್ಸಿಯ ತಂದೆ ಯಾರೆಂಬುದು ಖಚಿತವಾಗಿಲ್ಲ. ಆಕೆ ಲೂಸಿ ಹ್ಯಾಂಕ್ಸಳ ಮಗಳೆಂಬುದಕ್ಕೆ ಕಾಗದದಿಂದ ದೊರೆಯದ ಬೆಂಬಲ 2015ರಲ್ಲಿ ತಾಯಿಯ ಕಡೆಯಿಂದ ಇಳಿದುಬರುವ ಜೀವಕಣಗಳ ಪರೀಕ್ಷೆಯಿಂದ ದೊರೆಯಿತು. ಗುಲಾಮರಾಗಿದ್ದ ನೀಗ್ರೋ ಜನರ ಪಾಡು ಇನ್ನೂ ದಾರುಣ. ಯಜಮಾನನ ಆಸ್ತಿಯ ಪಟ್ಟಿಯಲ್ಲಿ ಕುದುರೆ, ದನ, ಮಂಚ, ಪಾತ್ರೆಗಳ ಜೊತೆಯಲ್ಲಿ ಅವರ ಹೆಸರೂ, ಹೆಸರಿನ ಮುಂದೆ ಬೆಲೆಯೂ ಕಾಣುತ್ತವೆ. 1850 ಮತ್ತು 1860ರ ಗಣತಿಗಳಲ್ಲಿ ಸಾಮಾನ್ಯವಾಗಿ ಅವರ ವಯಸ್ಸು, ಲಿಂಗ, ಬಣ್ಣಗಳನ್ನು ಬರೆದರೇ ಹೊರತು ಹೆಸರನ್ನು ಬರೆಯಲಿಲ್ಲ. ಬಿಡುಗಡೆಯಾದಮೇಲೆ, 1870ರ ಗಣತಿಯಲ್ಲಿ, ಅವರೆಲ್ಲರ ಹೆಸರುಗಳು ಇತರರ ಹೆಸರುಗಳಂತೆ ಬರವಣಿಗೆಗೆ ಬಂದುವು. ಆ ಬಿಡುಗಡೆಗಾಗಿ ದುಡಿದವರೂ ಲಿಂಕನ್ನರೇ. ಇನ್ನು ಕೆಂಟಕಿಯ ಕಾಡುಗಳಲ್ಲಿ ಹಿಂದಿನಿಂದ ಬೇಟೆಯಾಡಿಕೊಂಡಿದ್ದ ಶಾನಿ, ಚೆರೋಕಿ ಮೊದಲಾದ ಮೂಲನಿವಾಸಿಗಳು ತಮ್ಮ ನೆಲವನ್ನು ಕಳೆದುಕೊಂಡ ಬಗೆ ಈ ಕ್ರಯಪತ್ರಗಳಲ್ಲಿ ಕಾಣುವುದಿಲ್ಲ. ನೆಲಸಿಗರ ಹಕ್ಕು ಎಲ್ಲಿ ಮೊದಲಾಯಿತೋ ಅಲ್ಲಿಂದಲೇ ಪುಸ್ತಕವೂ ಮೊದಲಾಗುತ್ತದೆ. ದಾಖಲೆಯಲ್ಲಿ ಇರುವುದನ್ನು ಓದುವವನು ಇಲ್ಲದಿರುವುದನ್ನೂ ನೆನೆಯಬೇಕು.

ಮುಚ್ಚಳಿಕೆ ದೊರೆಯದೆ ಹೋಗಿದ್ದರೆ ಲಿಂಕನ್ನರ ಹಿರಿಮೆಗೆ ಕುಂದು ಬರುತ್ತಿತ್ತೇ? ಬರುತ್ತಿರಲಿಲ್ಲ. ಋಷಿಮೂಲವನ್ನು ಕೇಳಬಾರದೆಂದ ಹಿರಿಯರ ಮಾತು ಅಷ್ಟರಮಟ್ಟಿಗೆ ನಿಜ. ಆದರೆ ಕಾಡಿನ ನಡುವೆ ಬದುಕಿ, ಮೂವತ್ತೈದು ವರ್ಷ ವಯಸ್ಸಿನ ಆಸುಪಾಸಿನಲ್ಲಿಯೇ ಕಣ್ಮುಚ್ಚಿ, ತನ್ನ ಪರವಾಗಿ ಒಂದು ಮಾತನ್ನೂ ಆಡಲಾರದೆ ಹೋದ ಒಬ್ಬ ತಾಯಿಗೆ ಸಲ್ಲಬೇಕಾದ ಸತ್ಯವೊಂದು ಬಾಕಿ ಇತ್ತು. ಅದನ್ನು ಸಲ್ಲಿಸಿದವರು ರಾಜರೂ ಅಲ್ಲ, ಕವಿಗಳೂ ಅಲ್ಲ. ಕೇಳಿದ್ದನ್ನು ಕೇಳಿದಂತೆ ಬರೆದಿಟ್ಟ ಒಬ್ಬ ಗುಮಾಸ್ತ, ಪಟ್ಟಿಯನ್ನು ತಪ್ಪದೆ ಒಪ್ಪಿಸಿದ ಒಬ್ಬ ಪಾದ್ರಿ, ಹಳೆಯ ಕಾಗದವೆಂದು ಬಿಸಾಡದೆ ಕಾಪಾಡಿದ ಮುಂದಿನವರು, ಧೂಳನ್ನು ಕೊಡವಿ ಓದಿದ ಮತ್ತೊಬ್ಬ ಗುಮಾಸ್ತ. ತಮ್ಮ ತಮ್ಮ ಚಿಕ್ಕ ಕೆಲಸವನ್ನು ಇವರು ಪ್ರಾಮಾಣಿಕವಾಗಿ ಮಾಡಿದುದರಿಂದ 72 ವರ್ಷಗಳ ಮೇಲೆ ಸತ್ಯಕ್ಕೆ ಸಾಕ್ಷಿ ದೊರೆಯಿತು.

ಶಬ್ದಾರ್ಥ

ಅಪವಾದ – ಸುಳ್ಳು ಆರೋಪ, ನಿಂದೆ
ದಫ್ತರ – ಕಚೇರಿಯ ಲೆಕ್ಕಪತ್ರಗಳ ಕಟ್ಟು
ಮುಚ್ಚಳಿಕೆ – ಹೊಣೆ ಹೊತ್ತು ಬರೆದುಕೊಡುವ ಕರಾರುಪತ್ರ
ಉಯಿಲು – ಮರಣಾನಂತರ ಆಸ್ತಿ ಯಾರಿಗೆ ಸೇರಬೇಕೆಂದು ಬರೆದಿಡುವ ಪತ್ರ
ಚಕ್ಕುಬಂದಿ – ಜಮೀನಿನ ನಾಲ್ಕು ಕಡೆಯ ಎಲ್ಲೆ
ಮೋಜಣಿ – ಭೂಮಿಯ ಅಳತೆ
ರುಜು – ಸಹಿ
ಜಾಡು – ಹೆಜ್ಜೆಯ ಗುರುತು

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
1. 1780ರ ಹಕ್ಕುಪತ್ರದಲ್ಲಿ ಲಿಂಕನ್ನರ ತಾತನ ಹೆಸರು ಹೇಗೆ ಬರೆದಿದೆ?
2. ಥಾಮಸನು ಕೆಂಟಕಿಯನ್ನು ಬಿಟ್ಟುದಕ್ಕೆ ಮುಖ್ಯ ಕಾರಣವೇನು?
3. ಮದುವೆಯ ಮುಚ್ಚಳಿಕೆ ಯಾವ ವರ್ಷ, ಯಾವ ಕೌಂಟಿಯಲ್ಲಿ ದೊರೆಯಿತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಕೌಂಟಿಯ ಗುಮಾಸ್ತನು ಯಾವ ಯಾವ ದಾಖಲೆಗಳನ್ನು ಇಡುತ್ತಿದ್ದನು?
2. ಲಿಂಕನ್ನರ ತಂದೆತಾಯಿಗಳ ವಿಷಯದಲ್ಲಿ ಅಪವಾದ ಹುಟ್ಟಿದುದು ಹೇಗೆ?
3. ತಾತನ ಮರಣದ ಕಾಲಕ್ಕೂ ಥಾಮಸನ ಬಡತನಕ್ಕೂ ಇರುವ ಸಂಬಂಧವನ್ನು ವಿವರಿಸಿ.

ಇ. ವಿವರವಾಗಿ ಉತ್ತರಿಸಿ.
1. 'ದಾಖಲೆಯಲ್ಲಿ ಇರುವುದನ್ನು ಓದುವವನು ಇಲ್ಲದಿರುವುದನ್ನೂ ನೆನೆಯಬೇಕು.' ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿ.
2. ಲಿಂಕನ್ನರ ತಾಯಿಗೆ ಸಲ್ಲಬೇಕಾದ ಸತ್ಯವನ್ನು ಯಾರು ಯಾರು, ಹೇಗೆ ಸಲ್ಲಿಸಿದರು?

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ.
ವಂಶಾವಳಿ, ಕಾಗದವೊಂದು, ಊರೂರು

ಉ. ಸ್ವಂತ ವಾಕ್ಯಗಳಲ್ಲಿ ಪ್ರಯೋಗಿಸಿ.
ಕಣ್ಣಿಗೆ ಬೀಳು, ಬೆಳಕಿಗೆ ಬರು, ತೊಡೆದುಹಾಕು